ಕಿವಿಸಾಕ್ಷಿ

ವಿದ್ಯಾರ್ಥಿಗಳು ಅವಳಿಗೆ ಇಟ್ಟ ಅಡ್ಡಹೆಸರು ಲೋಲಕ. ಪಾಠ ಮಾಡುವಾಗ ಅವಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಮುಂದಿನ ಬೆಂಚಿನವರು ಕತ್ತು ಉಳುಕಿತೆಂದು ಹಿಂದಿನ ಬೆಂಚಿಗೆ ಹೋಗುತ್ತಿದ್ದರು. ಅವಳು ಕಲಿಸುತ್ತಿದ್ದದ್ದು ಕಲೆ ಮತ್ತು ಸಂಗೀತದ ತತ್ತ್ವಶಾಸ್ತ್ರ. “ಹಾಗಂದ್ರೆ ಹಾಡು ಹೇಳ್ಕೊಡೋದಾ?” ಎಂದು ನೆಂಟರು ಕೇಳುತ್ತಿದ್ದರು. ಅಲ್ಲ, ಹಾಡು ಅಂದರೆ ಏನು ಅಂತ ಕೇಳೋದು ಎಂದರೆ, “ಅದಕ್ಕೂ ಸಂಬಳ ಕೊಡ್ತಾರಾ?” ಎಂಬ ಎರಡನೇ ಪ್ರಶ್ನೆ ಬರುತ್ತಿತ್ತು.

ಶುರುವಿನಲ್ಲಿ ಅವಳು ಸಂಗೀತ ವಿಭಾಗಕ್ಕೇ ಸೇರಿದ್ದಳು, ಪಿಟೀಲು ಹಿಡಿದು. ಮೇಷ್ಟ್ರು ಒಂದು ಸಾಲು ನುಡಿಸಿ ತೋರಿಸಿದರೆ ಉಳಿದವರು ಅದನ್ನು ನುಡಿಸುತ್ತಿದ್ದರು. ಇವಳು, “ಇದನ್ನ ಕೇಳಿದ್ರೆ ಯಾಕೆ ದುಃಖ ಆಗುತ್ತೆ ಸಾರ್? ಪಿಟೀಲಿಗೇನು ದುಃಖ?” ಎನ್ನುತ್ತಿದ್ದಳು. ಕೊನೆಗೊಂದು ದಿನ ಮೇಷ್ಟ್ರು ಕಮಾನನ್ನು ಕೆಳಗಿಟ್ಟು, “ನೀನು ಮೇಲಿನ ಮಹಡಿಗೆ ಹೋಗಮ್ಮ. ಅಲ್ಲಿರೋರಿಗೆ ಯಾವುದಕ್ಕೂ ಉತ್ತರ ಗೊತ್ತಿಲ್ಲ, ನಿಂಗೆ ಸರಿಹೋಗ್ತಾರೆ,” ಎಂದರು. ಮೇಲಿನ ಮಹಡಿಯಲ್ಲಿ ತತ್ತ್ವಶಾಸ್ತ್ರ ವಿಭಾಗವಿತ್ತು. ಅವಳು ನಿಜವಾಗಿಯೂ ಹೋದಳು.

ಅಲ್ಲಿ ಅವಳು ‘ಹಾಡಿನೋಳು’ ಆದಳು, ಕೆಳಗೆ ‘ತರ್ಕದೋಳು’ ಆಗಿ ಉಳಿದಳು. ಡಾಕ್ಟರೇಟ್ ಬಂದ ಮೇಲೂ ಅದೇ ಎಡಬಿಡಂಗಿ ಬದುಕು. ಈ ಊರಲ್ಲಿ ತಾತ್ಕಾಲಿಕ ಹುದ್ದೆ, ಆ ಊರಲ್ಲಿ ರಜೆ ಹಾಕಿದವರ ಬದಲಿಗೆ ಪಾಠ. ಗಂಡ ಹಲ್ಲಿನ ಡಾಕ್ಟರು. ಅವನ ಕುರ್ಚಿ, ದೀಪ, ಕೊರೆಯುವ ಯಂತ್ರ ಎಲ್ಲವೂ ನೆಲಕ್ಕೆ ಬಿಗಿದಂಥವು. ಆದ್ದರಿಂದ ಅವನು ಒಂದೇ ಕಡೆ ಇದ್ದ, ಅವಳು ಪೆಟ್ಟಿಗೆ ಹಿಡಿದು ಓಡಾಡಿದಳು. ಆಮೇಲೆ ಪುಸ್ತಕ ಬಂತು. ಅದನ್ನು ಇಡಿಯಾಗಿ ಓದಿದ ಗಂಡ ಒಂದೇ ಮಾತಿನಲ್ಲಿ ಸಾರ ಹೇಳಿದ್ದ: “ನದೀಮೂಲ ಋಷಿಮೂಲ ಹುಡುಕಬಾರದು ಅಂತಾರಲ್ಲ, ಅದಕ್ಕೆ ನೀನು ಹಾಡಿನ ಮೂಲಾನೂ ಸೇರಿಸಿದ್ದೀಯ.”

ಅವಳ ವಾದ ಅದೇ. ಹಾಡನ್ನು ಯಾರು ಕಟ್ಟಿದರು, ಎಲ್ಲಿ, ಯಾಕೆ ಎಂಬುದೆಲ್ಲ ಊರ ಮಾತು. ಹಾಡಿಗೆ ಬೇಕಾದದ್ದೆಲ್ಲ ಹಾಡಿನೊಳಗೇ ಇದೆ, ಕಿವಿಗೆ ಬಿದ್ದಷ್ಟೇ ಸತ್ಯ. ಇನ್ನೊಂದು ಅಧ್ಯಾಯವೂ ಬಹಳ ಹೆಸರು ಮಾಡಿತು. ಒಳ್ಳೆಯ ಧಾಟಿ ಮೊದಲ ಸಲ ಕೇಳಿದಾಗಲೇ ಹಿಂದೆಂದೋ ಕೇಳಿದಂತೆ ಅನ್ನಿಸುತ್ತದೆ, ಹಾಗೆ ಅನ್ನಿಸಿದ್ದನ್ನೆಲ್ಲ ನೆನಪು ಎಂದು ನಂಬಬೇಡಿ ಎಂದು ಅದರಲ್ಲಿ ಬರೆದಿದ್ದಳು. ಆ ಪುಸ್ತಕದಿಂದ ಅವಳಿಗೆ ಕಾಯಂ ಕೆಲಸ ಸಿಕ್ಕಿತು, ಪ್ರೊಫೆಸರ್ ಎಂಬ ಹೆಸರು ಬಂತು, ಎರಡು ವಿಭಾಗಗಳ ನಡುವಿನ ಮೆಟ್ಟಿಲ ಬಳಿ ಒಂದು ಕೋಣೆ ಬಂತು. ನೆಮ್ಮದಿ ಮಾತ್ರ ಬರಲಿಲ್ಲ. ವರ್ಷಕ್ಕೆರಡು ಸಲ ಮೇಜಿನ ದಿಕ್ಕು ಬದಲಿಸುತ್ತಿದ್ದಳು.

ಅವಳ ತಮ್ಮ ಸಿನಿಮಾಗಳಿಗೆ ಸಂಗೀತ ಕೊಡುವವನು. ಯಾವ ವಾದ್ಯ ಕೈಗೆ ಸಿಕ್ಕರೂ ಒಂದು ಗಳಿಗೆಯಲ್ಲಿ ಪಳಗಿಸಿಬಿಡುವ ಪೈಕಿ. ಅಕ್ಕನ ಪುಸ್ತಕದಲ್ಲಿ ‘ಅಮ್ಮನಿಗೆ’ ಎಂದಿದ್ದ ಅರ್ಪಣೆಯ ಪುಟ ದಾಟಿ ಮುಂದೆ ಹೋದವನಲ್ಲ. “ನಮ್ಮಕ್ಕ ಒಲೆ ಹಚ್ಚದೆ ರುಚಿ ಬಗ್ಗೆ ಭಾಷಣ ಮಾಡ್ತಾಳೆ,” ಎಂದು ಗೆಳೆಯರ ಮುಂದೆ ಹೇಳುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ. “ನೀನು ರುಚಿ ನೋಡದೆ ಬಡಿಸ್ತೀಯ,” ಎನ್ನುತ್ತಿದ್ದಳು. ಅಪ್ಪ ಬೇಗ ತೀರಿಕೊಂಡಿದ್ದ. ಅಮ್ಮ ಬಟ್ಟೆ ಹೊಲಿದು ಇಬ್ಬರನ್ನೂ ಸಾಕಿದ್ದಳು. ಈಗ ಅಮ್ಮನೂ ಇರಲಿಲ್ಲ. ಹಾಗಾಗಿ ಈ ಇಬ್ಬರ ಜಗಳ ಬಿಡಿಸುವವರು ಯಾರೂ ಉಳಿದಿರಲಿಲ್ಲ, ಜಗಳವೂ ನಿಂತಿರಲಿಲ್ಲ.

ಆ ವರ್ಷ ತಮ್ಮನ ಒಂದು ಹಾಡು ಎಲ್ಲೆಲ್ಲೂ ಹಬ್ಬಿತು. ಲಿಫ್ಟಿನಲ್ಲಿ, ಬಸ್ಸಿನಲ್ಲಿ, ಗಂಡನ ಕ್ಲಿನಿಕ್ಕಿನಲ್ಲಿ ಕೆನ್ನೆ ಹಿಡಿದು ಕೂತವರ ಫೋನಿನಲ್ಲಿ, ಎಲ್ಲಿ ಹೋದರೂ ಅದೇ. ಎರಡನೇ ಸಾಲಿನ ನಡುವೆ ಧಾಟಿ ತಟ್ಟನೆ ನಿಂತು, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಏಳುತ್ತಿತ್ತು. ಆ ನಿಲುಗಡೆಯ ಬಗ್ಗೆ ಅವಳು ತರಗತಿಯಲ್ಲೇ ಒಂದು ಗಂಟೆ ಮಾತಾಡಿದ್ದಳು. ಅದು ಅಗಲಿಕೆಯ ನಿಟ್ಟುಸಿರು, ಮಾತು ಮುಗಿಸಲಾಗದ ದುಃಖ ಎಂದೆಲ್ಲ.

ಹಾಡು ಬಂದು ಕೆಲವು ತಿಂಗಳಿಗೆ ತಮ್ಮನ ಮೇಲೆ ಕೇಸು ಬಿತ್ತು. ಹಾಕಿದವರು ನಿವೃತ್ತಿಯಾದ ಒಬ್ಬ ಶಾಲಾ ಸಂಗೀತದ ಟೀಚರ್. ಇದು ತಾನು ಹಿಂದೆ ಶಾಲೆಯ ಮಕ್ಕಳಿಗಾಗಿ ಕಟ್ಟಿದ ಹಾಡಿನ ಧಾಟಿ ಎಂಬುದು ಅವರ ದೂರು.

ಅಕ್ಕನ ಮನೆಗೆ ಬಂದ ತಮ್ಮ ಸೋಫಾದಲ್ಲಿ ಕುಸಿದ. ಅವಳು ಎದುರಿಗೆ ಅಡ್ಡಾಡುತ್ತಿದ್ದಳು.

“ಆ ಟೀಚರನ್ನ ನಾನು ಕಣ್ಣಲ್ಲೂ ಕಂಡಿಲ್ಲ ಅಕ್ಕ. ಆ ಟ್ಯೂನ್ ಅಮ್ಮಂದು. ಹೊಲಿಗೆ ಮಿಷನ್ ಮುಂದೆ ಕೂತು ಗುನುಗ್ತಿದ್ಲಲ್ಲ, ಅದೇ.”

“ಅಮ್ಮನಾ? ಅವಳ ಬಾಯಲ್ಲಿ ಯಾವಾಗ್ಲೂ ಗುಂಡುಪಿನ್ನು ಇರ್ತಿತ್ತಲ್ಲೋ.”

“ಪಿನ್ನು ಕಚ್ಕೊಂಡೇ ಗುನುಗ್ತಿದ್ಲು. ನಿಂಗೆ ನೆನಪಿಲ್ವಾ?”

ಅವಳು ನಿಂತಳು. ಕಾಲಿನಿಂದ ತುಳಿಯುವ ಮಿಷನ್ನಿನ ಸದ್ದು, ಬಾಗಿದ ಬೆನ್ನು, ನೆಲದ ಮೇಲೆ ಬಿದ್ದ ನೀಲಿ ಬಟ್ಟೆಯ ಚೂರುಗಳು ನೆನಪಾದವು. ಹಾಡು ನೆನಪಾಗಲಿಲ್ಲ.

“ವಕೀಲರು ಹೇಳ್ತಾರೆ, ನೀನು ಬಂದ್ರೆ ಕೇಸು ಗೆದ್ದ ಹಾಗೇನೇ ಅಂತೆ,” ಎಂದ ತಮ್ಮ. “ಅಮ್ಮ ಹಾಡ್ತಿದ್ದದ್ದಕ್ಕೂ ನೀನೇ ಸಾಕ್ಷಿ. ಹಾಡಿಗೆ ಮೂಲ ಕೇಳ್ಬಾರ್ದು ಅಂತ ಬುಕ್ ಬರೆದೋಳೂ ನೀನೇ. ಒಂದು ಸಲಕ್ಕಾದ್ರೂ ನಿನ್ನ ಬುಕ್ ಉಪಯೋಗಕ್ಕೆ ಬರ್ಲಿ.”

“ಬರ್ತೀನಿ. ಆದ್ರೆ ಗೊತ್ತಿದ್ದದ್ದನ್ನೇ ಹೇಳೋದು.”

“ಅಯ್ಯೋ, ಗೊತ್ತಿದ್ದದ್ದನ್ನೇ ಹೇಳು ಮಾರಾಯ್ತಿ. ಸುಳ್ಳು ಹೇಳು ಅಂದ್ನಾ ನಾನು?”

ಆಮೇಲಿನ ವಾರಗಳಲ್ಲಿ ಅವಳಿಗೊಂದು ವಿಚಿತ್ರ ಪೀಡೆ ಶುರುವಾಯಿತು. ಎಲ್ಲಾದರೂ ಆ ಹಾಡು ಕಿವಿಗೆ ಬಿದ್ದರೆ ಸಾಕು, ಮಿಷನ್ನಿನ ಮುಂದೆ ಕೂತ ಅಮ್ಮ ಕಣ್ಣಿಗೆ ಕಟ್ಟುತ್ತಿದ್ದಳು. ಪಿನ್ನು ಕಚ್ಚಿದ ತುಟಿಯಿಂದ ಅದೇ ಧಾಟಿ ಸಣ್ಣಗೆ ಹೊರಡುತ್ತಿತ್ತು. ಮೊದಲು ಇಲ್ಲದ ಈ ಚಿತ್ರ ಎಲ್ಲಿಂದ ಬಂತು? ಅಮ್ಮ ನಿಜವಾಗಿ ಹಾಡಿದ್ದಳೋ, ಇಲ್ಲ ತಮ್ಮ ಅಂದು ಸೋಫಾದಲ್ಲಿ ಕೂತು ಹಾಡಿಸಿದನೋ? ಊಟದ ಮಧ್ಯೆ ಎದ್ದು ಹೋಗಿ ಕಿಟಕಿ ಬಳಿ ನಿಲ್ಲುತ್ತಿದ್ದಳು. ಉತ್ತರಪತ್ರಿಕೆಗಳನ್ನು ಅರ್ಧಕ್ಕೆ ಬಿಟ್ಟು ಬೀದಿಗಿಳಿದು, ಔಷಧಿ ಅಂಗಡಿ, ಚಪ್ಪಲಿ ರಿಪೇರಿ, ಮುಚ್ಚಿದ ಬ್ಯಾಂಕು, ಮತ್ತೆ ಔಷಧಿ ಅಂಗಡಿ ಎಂದು ಸುತ್ತುತ್ತಿದ್ದಳು.

“ನನ್ನ ಹತ್ರ ಬರೋರು ಇದೇ ಹಲ್ಲು ಡಾಕ್ಟ್ರೇ ಅಂತ ಬೆರಳಿಟ್ಟು ತೋರಿಸ್ತಾರೆ,” ಎಂದ ಗಂಡ, ಅವಳ ತಟ್ಟೆಯನ್ನು ಮುಚ್ಚಿಡುತ್ತ. “ಎಷ್ಟೋ ಸಲ ಹುಳುಕು ಇರೋದು ಪಕ್ಕದ ಹಲ್ಲಲ್ಲಿ. ಆದ್ರೆ ನೋವಂತೂ ನಿಜ.”

“ಹಾಗಾದ್ರೆ ನೀವೇನು ಮಾಡ್ತೀರಿ?”

“ಎಕ್ಸ್‌ರೇ ತೆಗೀತೀನಿ. ನಿಂಗೆ ಆ ಸೌಕರ್ಯ ಇಲ್ಲ.”

ಅವಳಿಗಿದ್ದ ದಾರಿ ಒಂದೇ. ಒಂದು ಶನಿವಾರ ವಕೀಲರಿಗೂ ತಮ್ಮನಿಗೂ ತಿಳಿಸದೆ ಆ ಟೀಚರ ಮನೆಗೆ ಹೋದಳು. ಹಾಗೆ ಹೋಗಬಾರದೆಂದು ಅವಳಿಗೆ ಗೊತ್ತಿತ್ತು. ಬಸ್ಸಿನಲ್ಲಿ ಕೂತಾಗಲೂ ಗೊತ್ತಿತ್ತು, ಮೂರನೇ ಮಹಡಿಯ ಗಂಟೆ ಒತ್ತುವಾಗಲೂ ಗೊತ್ತಿತ್ತು.

ಟೀಚರ್ ತೆಳ್ಳಗೆ, ನೆಟ್ಟಗೆ ಇದ್ದರು. ಮುಂದಿನ ಕೋಣೆಯಲ್ಲಿ ಒಂದು ಕೀಬೋರ್ಡು, ಅದರ ಸುತ್ತ ಮಕ್ಕಳು ಕೂರುವಂಥ ಗಿಡ್ಡ ಸ್ಟೂಲುಗಳು. ತಾನು ಯಾರೆಂದು ಅವಳು ಹೇಳಿದಾಗ ಅವರು ಬಾಗಿಲು ಹಾಕಲಿಲ್ಲ, ಒಳಗೂ ಕರೆಯಲಿಲ್ಲ. ಸ್ವಲ್ಪ ಹೊತ್ತು ನೋಡಿ, “ಜಗಳಕ್ಕೆ ಬಂದಿದ್ರೆ ನಿಂತೇ ಆಡಿ. ಕೇಳೋಕೆ ಬಂದಿದ್ರೆ ಕೂತ್ಕೊಳ್ಳಿ,” ಎಂದರು.

ಅವಳು ಗಿಡ್ಡ ಸ್ಟೂಲಿನ ಮೇಲೆ ಕೂತಳು. ಟೀಚರ್ ಕೀಬೋರ್ಡಿನಲ್ಲಿ ಹಾಡು ನುಡಿಸಿ ಎರಡನೇ ಸಾಲಿನ ನಡುವೆ ಬೆರಳೆತ್ತಿದರು.

“ಇಲ್ಲಿ ಯಾಕೆ ನಿಲ್ಲುತ್ತೆ ಗೊತ್ತಾ?”

ಅವಳು ಅಗಲಿಕೆ, ನಿಟ್ಟುಸಿರು ಎಂದು ಏನೋ ಹೇಳಹೊರಟು ತಡೆದಳು. “ನೀವೇ ಹೇಳಿ.”

“ಚಿಕ್ಕ ಮಕ್ಕಳಿಗೆ ಉಸಿರು ಸಾಲಲ್ಲ. ಮೊದಲು ಈ ಸಾಲು ಉದ್ದಕ್ಕೆ ಹೋಗ್ತಿತ್ತು. ಮಕ್ಕಳು ಮುಖ ಕೆಂಪಗೆ ಮಾಡ್ಕೊಂಡು ಒದ್ದಾಡ್ತಿದ್ವು. ಅದಕ್ಕೆ ಇಲ್ಲೊಂದು ತೂತು ಮಾಡ್ದೆ, ಗಾಳಿ ಆಡ್ಲಿ ಅಂತ. ಮಾಡಿದ್ಮೇಲೆ ನೋಡ್ತೀನಿ, ಹಾಡಿಗೆ ಜೀವ ಬಂದಿದ್ದೇ ಅಲ್ಲಿ.” ಟೀಚರ್ ನಕ್ಕರು. “ಮೊದಲನೇ ದಿನ ಹಾಡಿಸಿದಾಗ ಮಕ್ಕಳು ಏನಂದ್ರು ಗೊತ್ತಾ? ಇದು ನಮಗೆ ಗೊತ್ತು ಟೀಚರ್, ಹಳೇದು ಅಂದ್ವು. ನಂಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ.”

ಅವಳು ಎದ್ದು ನಿಂತಳು. ಕೋಣೆ ಚಿಕ್ಕದು, ಅಡ್ಡಾಡಲು ಜಾಗವಿರಲಿಲ್ಲ. ಮತ್ತೆ ಕೂತಳು. “ನನ್ನ ತಮ್ಮ ಸುಳ್ಳುಗಾರ ಅಲ್ಲ ಟೀಚರ್. ಇದನ್ನ ನಮ್ಮಮ್ಮನ ಬಾಯಲ್ಲಿ ಕೇಳಿದೆ ಅಂತಾನೆ. ನಮ್ಮಮ್ಮ ಮನೇಲಿ ಬಟ್ಟೆ ಹೊಲೀತಿದ್ಲು, ಅಷ್ಟೇ. ಹಾಡುಗಾರ್ತಿ ಏನಲ್ಲ.”

“ಎಲ್ಲಿತ್ತು ನಿಮ್ಮ ಮನೆ?”

ಅವಳು ಬೀದಿಯ ಗುರುತು ಹೇಳಿದಳು. ಟೀಚರ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು.

“ನೀರಿನ ಟ್ಯಾಂಕ್ ಹಿಂದೆ? ಎತ್ತರಕ್ಕಿದ್ರು, ಎಡಗೈಯಲ್ಲಿ ಕತ್ತರಿ ಹಿಡೀತಿದ್ರು?”

“ಹೌದು.”

“ಟೈಲರಮ್ಮ,” ಎಂದರು ಟೀಚರ್ ಮೆಲ್ಲಗೆ. “ನಮ್ಮ ಶಾಲೆ ನಾಟಕಕ್ಕೆ ವೇಷದ ಬಟ್ಟೆ ಅವರೇ ಹೊಲಿದು ಕೊಡ್ತಿದ್ದದ್ದು. ಆ ನಾಟಕದ್ದೇ ಈ ಹಾಡು. ನಾವು ರಿಹರ್ಸಲ್ ಮಾಡ್ತಿದ್ರೆ ಅವರು ಟೇಪು ಹಿಡ್ಕೊಂಡು ಮಕ್ಕಳ ಅಳತೆ ತಗೋತಿದ್ರು. ಹಾಡೋ ಮಗೂನ ಅಲ್ಲಾಡಿಸದೆ ತೋಳು ಅಳೆಯೋರು. ಒಂದು ಸಲಾನೂ ಹಾಡು ನಿಲ್ಲಿಸಿ ಅನ್ನಲಿಲ್ಲ.”

ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು.

“ನಾನಿದನ್ನ ಕೋರ್ಟಲ್ಲಿ ಹೇಳಲ್ಲ,” ಎಂದರು ಟೀಚರ್ ಕೊನೆಗೆ. “ಇಲ್ದೇ ಇರೋರನ್ನ ಕೋರ್ಟಿಗೆ ಎಳೆಯೋದು ನಂಗಿಷ್ಟ ಇಲ್ಲ. ನೀವು ಏನು ಮಾಡ್ತೀರೋ ನಿಮಗೆ ಬಿಟ್ಟಿದ್ದು.”

ವಾಪಸು ಬರುವಾಗ ಬಸ್ಸಿನಲ್ಲಿ ಯಾರದೋ ಫೋನು ಅದೇ ಹಾಡು ಹಾಡಿತು. ಎರಡನೇ ಸಾಲಿನ ನಿಲುಗಡೆ ಬಂತು. ಅಲ್ಲಿ ನಿಟ್ಟುಸಿರಿರಲಿಲ್ಲ. ಒಂದು ಸಾಲು ಮಕ್ಕಳು ಭುಜ ಎತ್ತಿ ಗಬಕ್ಕನೆ ಉಸಿರೆಳೆದುಕೊಂಡವು. ಸ್ವರಗಳೆಲ್ಲ ಹಿಂದಿನವೇ, ಒಂದೂ ಬದಲಾಗಿರಲಿಲ್ಲ, ಹಾಡು ಮಾತ್ರ ಬೇರೆಯಾಗಿತ್ತು. ಹಾಡಿನ ಮೂಲ ತಿಳಿದರೂ ಹಾಡು ಬದಲಾಗುವುದಿಲ್ಲ ಎಂದು ಅವಳು ಇಡೀ ಪುಸ್ತಕ ಬರೆದಿದ್ದಳು. ಎರಡು ಸ್ಟಾಪು ಮೊದಲೇ ಇಳಿದು ನಡೆದಳು.

ಮರುದಿನ ಸ್ಟುಡಿಯೋಕ್ಕೆ ಹೋಗಿ ತಮ್ಮನಿಗೆ ಎಲ್ಲ ಹೇಳಿದಳು. ಅವನು ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ಕೇಳಿದ. ಮೊದಲು ಅವನ ಮುಖ ಅರಳಿತು.

“ಅಂದ್ರೆ ಅಮ್ಮ ಹಾಡ್ತಿದ್ದದ್ದು ನಿಜ. ನಾನು ಕದ್ದಿಲ್ಲ.”

“ನೀನು ಕದ್ದಿಲ್ಲ.”

“ನೋಡಿದ್ಯಾ? ಕಳ್ಳ ಅಂತ ಬರೆದ್ರಲ್ಲ ಪೇಪರಲ್ಲಿ…” ಎಂದವನು ಅಲ್ಲಿಗೇ ನಿಂತ. ಮಿಕ್ಕಿದ್ದು ಅವನಿಗೆ ಆಗ ಹೊಳೆಯಿತು. ಧಾಟಿ ಟೀಚರದ್ದು. ಅಮ್ಮನಿಗೆ ಅದು ಸಿಕ್ಕಿದ್ದು ಟೀಚರಿಂದ.

“ಇದನ್ನ ಕೋರ್ಟಲ್ಲಿ ಹೇಳ್ತೀಯಾ?”

“ಕೇಳಿದ್ರೆ ಹೇಳ್ತೀನಿ.”

“ಕೇಳದಿದ್ರೆ?”

ಅವಳು ಧ್ವನಿ ಹೀರುವ ಗೋಡೆಗಳ ಆ ಕೋಣೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದಳು. ಹೆಜ್ಜೆ ಸದ್ದು ಅವಳಿಗೇ ಕೇಳಿಸಲಿಲ್ಲ.

“ಕೂತ್ಕೊಂಡು ಉತ್ತರ ಕೊಡೇ ಅಕ್ಕ. ಹುಟ್ಟಿದಾಗಿಂದ ನೋಡ್ತಿದ್ದೀನಿ, ಕಾಲಿಗೆ ಚಕ್ರ ಕಟ್ಕೊಂಡೋಳ ಹಾಗೆ ತಿರುಗ್ತೀಯ. ಅಮ್ಮ ಕಲಿಸಿದ್ದು ಅಂದ್ರೆ ಅಮ್ಮಂದು ಅಲ್ವಾ? ನಿನ್ನ ಬುಕ್ಕೇ ಹೇಳುತ್ತಲ್ಲ, ಎಲ್ಲಿಂದ ಬಂತು ಕೇಳ್ಬೇಡಿ ಅಂತ. ಈಗ ನೀನೇ ಬಸ್ ಹತ್ತಿ ಕೇಳ್ಕೊಂಡು ಬಂದಿದ್ದೀಯ. ಯಾರು ಹೇಳಿದ್ರು ನಿಂಗೆ ಹೋಗೋಕೆ?”

“ಯಾರೂ ಹೇಳ್ಲಿಲ್ಲ.”

“ಹಾಗಾದ್ರೆ ಬಾಯಿ ಮುಚ್ಕೊಂಡಿರು,” ಎಂದು ಅವನು ಹೆಡ್‌ಫೋನ್ ಹಾಕಿಕೊಂಡ. ಅದರಲ್ಲಿ ಏನೂ ನುಡಿಯುತ್ತಿರಲಿಲ್ಲವೆಂದು ಎದುರಿನ ಯಂತ್ರದ ಕಪ್ಪು ಪರದೆ ಹೇಳುತ್ತಿತ್ತು.

ಕೋರ್ಟಿನ ಕೋಣೆಯಲ್ಲಿ ಫ್ಯಾನು ಜೋರಾಗಿತ್ತು, ಮಾತು ಎರಡೆರಡು ಸಲ ಹೇಳಬೇಕಾಗುತ್ತಿತ್ತು. ತಮ್ಮನ ವಕೀಲರು ಅವಳ ಪುಸ್ತಕದಿಂದ ಸಾಲುಗಳನ್ನು ಓದಿಸಿ, ಇದು ನಿಮ್ಮದೇ ಮಾತಲ್ಲವೇ ಎಂದು ಕೇಳಿ, ಖುಷಿಯಿಂದ ಕೂತರು. ಟೀಚರ ವಕೀಲೆ ಕಿರಿಯಳು, ಪುಸ್ತಕವನ್ನು ಅವಳೂ ಓದಿಕೊಂಡು ಬಂದಿದ್ದಳು.

“ಹಿಂದೆ ಕೇಳಿದ ಹಾಗೆ ಅನ್ನಿಸಿದ್ದನ್ನ ನೆನಪು ಅಂತ ನಂಬಬೇಡಿ ಅಂತ ಬರೆದಿದ್ದೀರಿ. ನಿಮ್ಮ ತಮ್ಮನ ನೆನಪಿಗೂ ಈ ಮಾತು ಅನ್ವಯಿಸುತ್ತಾ?”

“ಅನ್ವಯಿಸುತ್ತೆ.”

“ನಿಮ್ಮ ತಾಯಿ ಈ ಧಾಟಿ ಗುನುಗಿದ್ದು ನಿಮಗೆ ನೆನಪಿದೆಯಾ?”

“ಈಗ ಇದೆ. ತಮ್ಮ ಹೇಳೋಕೆ ಮುಂಚೆ ಇರಲಿಲ್ಲ.”

ವಕೀಲೆಗೆ ಅಷ್ಟೇ ಬೇಕಾಗಿತ್ತು. ತನ್ನ ಜಾಗಕ್ಕೆ ಹೋಗಿ ಕೂತಳು. ಶಾಲೆಯ ಮಾತು ಯಾರೂ ಎತ್ತಲಿಲ್ಲ. ಟೀಚರ್ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದರು, ತಮ್ಮನ ಕಣ್ಣು ಕಿಟಕಿಯ ಕಡೆಗಿತ್ತು. ನೀವಿನ್ನು ಇಳಿಯಬಹುದು ಎಂದರು ನ್ಯಾಯಾಧೀಶರು. ಅವಳು ಕಟಕಟೆಯ ಮೆಟ್ಟಿಲಿಗೆ ಒಂದು ಕಾಲಿಟ್ಟಳು. ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

“ಒಂದು ವಿಷಯ ಯಾರೂ ಕೇಳಲಿಲ್ಲ. ಹೇಳಬಹುದಾ?”

ತಮ್ಮನ ವಕೀಲರು ಬೇಡವೆಂದು ಎದ್ದು ನಿಂತರು. ನ್ಯಾಯಾಧೀಶರು ಅವರನ್ನು ಕೂರಿಸಿ, ಹೇಳಿ ಎಂದರು. ಅವಳು ಹೇಳಿದಳು. ತಾನು ಟೀಚರ ಮನೆಗೆ ಹೋಗಿ ಕೇಳಿದ್ದು, ಅಮ್ಮ ಆ ಶಾಲೆಯ ನಾಟಕಕ್ಕೆ ಬಟ್ಟೆ ಹೊಲಿದದ್ದು, ರಿಹರ್ಸಲ್ಲಿನಲ್ಲಿ ಅಳತೆ ತೆಗೆದುಕೊಂಡದ್ದು, ಎರಡನೇ ಸಾಲಿನಲ್ಲಿ ಮಕ್ಕಳು ಉಸಿರೆಳೆದುಕೊಂಡದ್ದು. ತಮ್ಮ ಕೇಳಿದ್ದು ಅಮ್ಮನ ಬಾಯಲ್ಲೇ ಇರಬಹುದು, ಅಮ್ಮ ಕೇಳಿದ್ದು ಟೀಚರ ಬಾಯಲ್ಲಿ ಎಂದಳು.

“ಮೂಲ ಕೇಳಬೇಡಿ ಅಂತ ಪುಸ್ತಕ ಬರೆದೋರು ನೀವು,” ಎಂದರು ನ್ಯಾಯಾಧೀಶರು. “ನೀವೇ ಹೋಗಿ ಕೇಳಿಕೊಂಡು ಬಂದ್ರಾ?”

“ಹೋಗದೆ ಇರೋಕಾಗಲಿಲ್ಲ.”

“ಹಾಗಾದ್ರೆ ಪುಸ್ತಕ ತಪ್ಪಾ?”

“ಆ ಭಾಗ ತಪ್ಪು ಅನ್ನಿಸ್ತಿದೆ.”

ಕೇಸು ತೀರ್ಪಿನವರೆಗೂ ಹೋಗಲಿಲ್ಲ. ನಿರ್ಮಾಪಕರು ರಾಜಿಗೆ ಬಂದರು. ಹಾಡಿನ ಕೆಳಗೆ ಟೀಚರ ಹೆಸರೂ ಸೇರಿತು. ಕೋರ್ಟಿನ ಮೆಟ್ಟಿಲಿಳಿಯುವಾಗ ಅಕ್ಕನ ಪಕ್ಕದಿಂದಲೇ ಹೋದ ತಮ್ಮ ತಿರುಗಿ ನೋಡಲಿಲ್ಲ. ಫೋನು ಎತ್ತಲಿಲ್ಲ. ಗಂಡನ ಬಳಿ ಹಲ್ಲು ತೋರಿಸಲು ಬರುತ್ತಿದ್ದವನು ಬೇರೆ ಡಾಕ್ಟರನ್ನು ಹುಡುಕಿಕೊಂಡ. “ನಾದಿನಿಯರ ಮುನಿಸು ಕೇಳಿದ್ದೆ, ದವಡೆ ಹಲ್ಲಿನ ಮುನಿಸು ಇದೇ ಮೊದಲು,” ಎಂದು ಗಂಡ ನಗಿಸಲು ನೋಡಿದ. ಅವಳು ನಗಲಿಲ್ಲ.

ವಿಶ್ವವಿದ್ಯಾಲಯದಲ್ಲೂ ಸುದ್ದಿ ಹಬ್ಬಿತು. “ನಿಮ್ಮ ಪುಸ್ತಕದ ವಿರುದ್ಧ ನೀವೇ ಸಾಕ್ಷಿ ಹೇಳಿದ್ರಂತೆ,” ಎಂದರು ವಿಭಾಗದ ಮುಖ್ಯಸ್ಥರು, ಮೆಟ್ಟಿಲ ಮೇಲೆ ಸಿಕ್ಕಾಗ. ಅವಳ ವಾದದ ಮೇಲೆಯೇ ಪ್ರಬಂಧ ಕಟ್ಟುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಕೋಣೆಗೆ ಬಂದು ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟಳು.

“ಮೇಡಂ, ನನ್ನ ಇಷ್ಟು ವರ್ಷದ ಕೆಲಸ?”

“ನಾನು ಹೇಳಿದ್ದು ತಪ್ಪು ಅಂತ ಬರಿ. ವೈವಾದಲ್ಲಿ ಯಾರಾದ್ರೂ ಒಪ್ಪದಿದ್ರೆ ನಾನೇ ಬಂದು ಹೇಳ್ತೀನಿ.”

ಹುಡುಗಿ ಅಳುತ್ತ ನಕ್ಕಳು. ತಪ್ಪು ಎಂದು ಹೇಳುವುದು ಸುಲಭ, ಸರಿ ಯಾವುದೆಂದು ಹೇಳುವುದು ಕಷ್ಟ. ಮೂಲ ತಿಳಿದರೆ ಹಾಡು ಬದಲಾಗುತ್ತದೆ ಎಂದಾದರೆ, ಮೂಲ ತಿಳಿಯದ ಹಾಡುಗಳ ಗತಿ ಏನು? ಎಷ್ಟು ತಿಳಿದರೆ ಸಾಕು? ಅವಳು ಹೊಸ ಪುಸ್ತಕದ ಮೊದಲ ಅಧ್ಯಾಯವನ್ನು ಬರೆದಳು, ಹರಿದಳು, ಮತ್ತೆ ಬರೆದಳು.

ವರ್ಷ ಕಳೆಯುತ್ತ ಬಂದಾಗ ಒಂದು ಬೆಳಿಗ್ಗೆ ಪಾಠದ ನಡುವೆ ಹಿಂದಿನ ಬಾಗಿಲು ತೆರೆಯಿತು. ತಮ್ಮ ಬಂದು ಕೊನೆಯ ಬೆಂಚಿನಲ್ಲಿ ಕೂತ. ವಿದ್ಯಾರ್ಥಿಗಳು ಗುರುತು ಹಿಡಿದು ಪಿಸುಗುಟ್ಟಿದರು. ಅವಳು ಕಿಟಕಿಗೂ ಬಾಗಿಲಿಗೂ ನಡುವೆ ಒಂದು ಕ್ಷಣ ತಡವರಿಸಿ ಪಾಠ ಮುಂದುವರಿಸಿದಳು. ಕೊನೆಗೆ ಅವನು ಕೈ ಎತ್ತಿದ.

“ಮೇಡಂ, ಯಾರು ಮಾಡಿದ್ದು ಅಂತ ಗೊತ್ತಾದ್ರೆ ಹಾಡು ಬೇರೆ ಥರ ಕೇಳಿಸುತ್ತೆ ಅಂದ್ರಿ. ಹಾಗಾದ್ರೆ ಗೊತ್ತಿಲ್ಲದಾಗ ಕೇಳಿದ್ದು, ಕೇಳಿ ಅತ್ತಿದ್ದು, ಅದೆಲ್ಲ ಸುಳ್ಳಾ?”

ತರಗತಿ ಅವಳ ಕಡೆ ತಿರುಗಿತು.

“ಗೊತ್ತಿಲ್ಲ,” ಎಂದಳು. “ಅದನ್ನೇ ಹುಡುಕ್ತಿದ್ದೀನಿ.”

ಪಾಠ ಮುಗಿದ ಮೇಲೆ ಇಬ್ಬರೂ ಕಾರಿಡಾರಿನಲ್ಲಿ ನಡೆದರು. ಎದುರಾದ ವಿದ್ಯಾರ್ಥಿಗಳು ಗೋಡೆಗೆ ಸರಿದು ದಾರಿ ಬಿಟ್ಟರು.

“ಗೊತ್ತಿಲ್ಲ ಅನ್ನೋಕೂ ಸಂಬಳ,” ಎಂದ ತಮ್ಮ. “ಒಳ್ಳೆ ಕೆಲಸ ಹಿಡಿದಿದ್ದೀಯ.”

“ನೀನ್ಯಾಕೆ ಬಂದೆ?”

ಸಂಗೀತ ವಿಭಾಗದ ಕೋಣೆಗಳಿಂದ ಏನೇನೋ ಅಪಸ್ವರಗಳು ಬರುತ್ತಿದ್ದವು. “ಒಂದು ಸಾಲೂ ಮಾಡೋಕಾಗ್ತಿಲ್ಲ ಅಕ್ಕ. ಕೀಬೋರ್ಡ್ ಮೇಲೆ ಬೆರಳಿಟ್ರೆ, ಇದು ಯಾರದೋ, ಎಲ್ಲಿ ಕೇಳಿದ್ನೋ ಅನ್ಸುತ್ತೆ. ಎದ್ದು ಓಡಾಡ್ತೀನಿ. ಕೂತ್ರೆ ಕೂರೋಕಾಗಲ್ಲ, ನಿಂತ್ರೆ ನಿಲ್ಲೋಕಾಗಲ್ಲ. ನಿನ್ನ ರೋಗ ನಂಗೆ ಅಂಟಿದೆ.”

“ನನಗೇ ಇನ್ನೂ ವಾಸಿ ಆಗಿಲ್ವೋ.”

“ಔಷಧ ಇಲ್ವಾ ಹಾಗಾದ್ರೆ?”

“ಇದ್ದಿದ್ರೆ ನಿಮ್ಮ ಭಾವ ಯಾವತ್ತೋ ಕುಡಿಸಿರ್ತಿದ್ರು.”

ಅವನು ನಕ್ಕ, ಆಮೇಲೆ ನಗು ನಿಲ್ಲಿಸಿ, “ಅವತ್ತು ನೀನು ಕಟಕಟೆಯಿಂದ ಸುಮ್ನೆ ಇಳಿದು ಬಂದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ,” ಎಂದ. “ಈಗ್ಲೂ ಸಿಟ್ಟಿದೆ ನಂಗೆ. ಹೋಗಿಲ್ಲ.”

“ಇರ್ಲಿ.”

“ಸಿಟ್ಟಿದ್ರೂ ಬರ್ಬೋದಾ?”

ಅವಳು ಅವನ ತೋಳು ಹಿಡಿದು ಸ್ವಲ್ಪ ದೂರ ನಡೆದಳು. ಮುಖ್ಯಸ್ಥರ ಕೋಣೆಯಲ್ಲಿ ಸಭೆ ಶುರುವಾಗಿತ್ತು. ಗಾಜಿನ ಬಾಗಿಲಿನ ಆಚೆಯಿಂದ ಯಾರೋ ಅವಳಿಗೆ ಬನ್ನಿ ಎಂದು ಕೈ ಮಾಡಿದರು. ಅವಳು ಒಂದು ನಿಮಿಷ ಎಂದು ಬೆರಳು ತೋರಿಸಿ ತಮ್ಮನ ಕಡೆ ತಿರುಗಿದಳು.

“ಗುರುವಾರ ಇದೇ ಹೊತ್ತಿಗೆ ಪಾಠ. ಬಂದ್ರೆ ಮುಂದಿನ ಬೆಂಚಲ್ಲಿ ಕೂರು. ಲೇಟಾಗಿ ಬರಬೇಡ, ಪ್ರಶ್ನೆ ಕೇಳೋ ಮುಂಚೆ ಆ ಬುಕ್ ಪೂರ್ತಿ ಓದ್ಕೊಂಡು ಬಾ.”

“ತಪ್ಪು ಅಂತ ನೀನೇ ಹೇಳಿದ್ಯಲ್ಲ ಅದನ್ನ.”

“ತಪ್ಪು ಎಲ್ಲಿದೆ ಅಂತ ನಿಂಗೆ ತಿಳೀಬೇಡ್ವಾ?”

ಅವನು ಗೊಣಗುತ್ತ ಮೆಟ್ಟಿಲಿಳಿದು ಹೋದ. ಅವಳು ಸಭೆಗೆ ಹೋಗಲಿಲ್ಲ. ಕೆಳಗಿನ ಅಂಗಳದಲ್ಲಿ ಅವನು ಕಾರನ್ನು ಎಲ್ಲಿ ನಿಲ್ಲಿಸಿದ್ದೆನೆಂದು ಮರೆತು ಅತ್ತಿತ್ತ ಹುಡುಕುವುದನ್ನು ಕಿಟಕಿಯಿಂದ ನೋಡುತ್ತ, ಗುರುವಾರ ಎಲ್ಲಿಂದ ಶುರುಮಾಡಬೇಕೆಂದು ಯೋಚಿಸುತ್ತ ನಿಂತಳು.